ಸಿಟ್ಟು ಬಂದ ಮಗುವಿನ ಪಕ್ಕ ಕೂರುವವರಿಗೆ

ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿತ್ತೆಂದರೆ ಬೇಸಿಗೆ ಶಿಬಿರಗಳ ಸುಗ್ಗಿ ಶುರು. ಮೈಸೂರಿನ ರಂಗಾಯಣದ ಚಿಣ್ಣರ ಮೇಳ, ಕಬ್ಬನ್ ಪಾರ್ಕಿನ ಬಾಲಭವನದ ಶಿಬಿರಗಳು ಹೆಸರಾದವು. ಅವನ್ನು ಬಿಟ್ಟು ಬಡಾವಣೆಯ ದೇವಸ್ಥಾನದ ಪಕ್ಕದ ಹಾಲ್‌ನಲ್ಲೋ, ಊರ ಗ್ರಂಥಾಲಯದಲ್ಲೋ, ಶಾಲೆಯ ಜಗಲಿಯಲ್ಲೋ ಸದ್ದಿಲ್ಲದೆ ನಡೆಯುವ ಶಿಬಿರಗಳು ಎಷ್ಟೋ. ಅಲ್ಲಿ ಮಕ್ಕಳು ನಿಮ್ಮನ್ನು ಮಿಸ್ಸು, ಸರ್ರು ಅನ್ನುವುದಿಲ್ಲ, ಅಕ್ಕ, ಅಣ್ಣ ಅನ್ನುತ್ತಾರೆ. ನಾನು ಒಂದನೇ, ಎರಡನೇ ತರಗತಿಯ ಮಕ್ಕಳ ಜೊತೆಗೇ ನೌಕರಿ ಮುಗಿಸಿದವಳು. ನಿವೃತ್ತಿಯಾದ ಮೇಲೂ ಬೇಸಿಗೆಯಲ್ಲಿ ಯಾರಾದರೂ ಶಿಬಿರದವರು ಕರೆಯುತ್ತಾರೆ, ಹೋಗುತ್ತೇನೆ. ಈ ಸಲ ಮೊದಲ ಬಾರಿಗೆ ಅಕ್ಕ-ಅಣ್ಣ ಆಗಲು ಹೊರಟಿರುವ ನಿಮಗೆ ಒಂದಷ್ಟು ಮಾತು ಹೇಳಬೇಕೆನಿಸಿದೆ.

ಈಚೆಗೆ ಶಿಬಿರದ ವೇಳಾಪಟ್ಟಿಗಳಲ್ಲಿ ಹೊಸದೊಂದು ಸಾಲು ಸೇರಿಕೊಂಡಿದೆ. ಚಿತ್ರಕಲೆ, ಕರಕುಶಲ, ಹಾಡು, ನಾಟಕದ ನಡುವೆ ಮುಕ್ಕಾಲು ಗಂಟೆಯ 'ಭಾವನೆಗಳ ನಿರ್ವಹಣೆ'. ನಗುಮುಖ, ಅಳುಮುಖ, ಕೆಂಪುಮುಖದ ಚಿತ್ರ ತೋರಿಸಿ, ಸಿಟ್ಟು ಬಂದರೆ ಹತ್ತರವರೆಗೆ ಎಣಿಸಬೇಕು ಎಂದು ಹೇಳಿಕೊಡುತ್ತಾರೆ. ಮಕ್ಕಳು ಒಕ್ಕೊರಲಿನಿಂದ ಒಪ್ಪುತ್ತಾರೆ. ಹೊರಗೆ ಬಂದು ಉಯ್ಯಾಲೆಗೆ ಯಾರು ಮೊದಲು ಅನ್ನುವ ಜಗಳದಲ್ಲಿ ಒಬ್ಬನ ಕೂದಲು ಇನ್ನೊಬ್ಬನ ಕೈಯಲ್ಲಿರುತ್ತದೆ. ಆ ಪಾಠ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಸಿಟ್ಟು, ಅಳು, ಹೆದರಿಕೆಗಳನ್ನು ನಿಭಾಯಿಸುವುದನ್ನು ಐದಾರು ವರ್ಷದ ಮಗು ಕಲಿಯುವುದು ದಿನದ ಉಳಿದೆಲ್ಲ ಹೊತ್ತಿನಲ್ಲಿ, ಅದೂ ನಿಮ್ಮನ್ನು ನೋಡಿ. ನಾನು ಹೇಳಬೇಕೆಂದಿರುವುದೆಲ್ಲ ಇದೊಂದೇ. ಉಳಿದದ್ದು ಇದರ ವಿವರ.

ಮನಸ್ಸಿಗೆ ಬಂದದ್ದನ್ನು ತಡೆದು ನಿಲ್ಲಿಸಿ ಯೋಚಿಸುವ ಕೆಲಸಕ್ಕೆ ಮಿದುಳಿನಲ್ಲಿ ಹಣೆಯ ಹಿಂದಿನ ಭಾಗ ಬಹಳ ಮುಖ್ಯ. ಪ್ರೀಫ್ರಾಂಟಲ್ ಕಾರ್ಟೆಕ್ಸ್ ಎಂದು ವೈದ್ಯರು ಕರೆಯುವ ಆ ಭಾಗ ಪೂರ್ತಿ ಬಲಿಯುವ ಹೊತ್ತಿಗೆ ಮನುಷ್ಯನಿಗೆ ಇಪ್ಪತ್ತೈದರ ಆಸುಪಾಸು ವಯಸ್ಸಾಗಿರುತ್ತದೆ. ಅಂದರೆ ಶಿಬಿರದ ಇಪ್ಪತ್ತರ ಹರೆಯದ ಅಣ್ಣನದೇ ಇನ್ನೂ ಮುಗಿದಿಲ್ಲ, ಐದು ವರ್ಷದ ಪುಟ್ಟಿಯದು ಮುಗಿದಿರಬೇಕೆಂದು ಕೇಳುವುದು ಹೇಗೆ? ಸಮಾಧಾನ ತಂದುಕೊಳ್ಳುವ ಶಕ್ತಿ ಮಗುವಿನಲ್ಲಿ ಸಾಲದೆ ಬಂದಾಗ ಅದು ಹತ್ತಿರದ ದೊಡ್ಡವರಿಂದ ಕಡ ತೆಗೆದುಕೊಳ್ಳುತ್ತದೆ. ನಿಮ್ಮ ದನಿ ತಗ್ಗಿದ್ದರೆ, ಉಸಿರು ನಿಧಾನವಾಗಿದ್ದರೆ, ಅದರ ಮೈಯೂ ಮೆಲ್ಲನೆ ಆ ಲಯಕ್ಕೆ ಬರುತ್ತದೆ. ನೀವೇ ಕೂಗಾಡಿದರೆ ಅದಕ್ಕೆ ಸಿಗುವುದು ಇನ್ನಷ್ಟು ಗಾಬರಿ. ಬಹಳ ಸಲ ಹೀಗೆ ಕಡ ಪಡೆದ ಮಗು ಮುಂದೆ ತನ್ನದೇ ಸಮಾಧಾನವನ್ನು ಕಟ್ಟಿಕೊಳ್ಳುತ್ತದೆ.

ಮಣ್ಣಿನ ಕೆಲಸದ ಹೊತ್ತು ಅಂದುಕೊಳ್ಳಿ. ಆರು ವರ್ಷದ ಹುಡುಗ ಅಲುಗದೆ ಕೂತು ಒಂದು ಆನೆ ಮಾಡಿದ್ದಾನೆ. ಸೊಂಡಿಲು ಜೋತು ಬೀಳುತ್ತಿತ್ತು, ಒಳಗೆ ಕಡ್ಡಿ ಸಿಕ್ಕಿಸಿ ನಿಲ್ಲಿಸಿದ್ದಾನೆ. ನೀರು ಕುಡಿಯಲು ಓಡುತ್ತಿದ್ದ ಹುಡುಗಿಯ ಕಾಲು ತಾಗಿ ಆನೆ ಚಪ್ಪಟೆಯಾಯಿತು. ಹುಡುಗ ಕಿರುಚಿದ, ಕೈಗೆ ಸಿಕ್ಕ ಮಣ್ಣುಂಡೆಯನ್ನು ಅವಳ ಬೆನ್ನಿಗೆ ಎಸೆದ, ಏನೂ ಅರಿಯದ ಪಕ್ಕದವನ ನೀರಿನ ಬಟ್ಟಲನ್ನೂ ಒದ್ದ. ಈಗ ನಮ್ಮ ಬಾಯಿಗೆ ತಾನಾಗಿ ಬರುವ ಮಾತುಗಳಿವೆ: 'ಮೊದಲು ಸಾರಿ ಹೇಳು', 'ಇಷ್ಟಕ್ಕೆಲ್ಲಾ ಅಳ್ತಾರಾ?', 'ಬಿಡು, ಇನ್ನೊಂದು ಮಾಡಿದರಾಯ್ತು'. ಮೂರೂ ಆ ಗಳಿಗೆಯಲ್ಲಿ ಅವನ ಕಿವಿಗೆ ಇಳಿಯುವುದಿಲ್ಲ. ಮೂರನೆಯದಂತೂ, ಮೆದುವಾಗಿ ಹೇಳಿದರೂ, ಅವನು ಪಟ್ಟ ಶ್ರಮಕ್ಕೆ ಬೆಲೆಯಿಲ್ಲ ಎಂದ ಹಾಗಾಗುತ್ತದೆ.

ಮೊದಲು ಎಸೆಯುವ ಕೈಯನ್ನು ತಡೆಯಿರಿ. ಗಟ್ಟಿ ಹಿಡಿದು ಜಗ್ಗಬೇಡಿ, ಅಂಗೈಯಿಂದ ಅಡ್ಡ ಹಿಡಿದರೆ ಸಾಕು. 'ಎಸೆಯೋಕೆ ಬಿಡಲ್ಲ ಪುಟ್ಟಾ' ಅನ್ನುವಷ್ಟೇ ಮಾತು. ಅವನ ಎತ್ತರಕ್ಕೆ ಕೂರಿ, ಎದುರಿಗೆ ಬೇಡ, ಪಕ್ಕಕ್ಕೆ. ಎದುರಿಗೆ ಕೂತು ಮುಖಕ್ಕೆ ಮುಖ ಕೊಟ್ಟರೆ ವಿಚಾರಣೆಯ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಜೊತೆಯ ಅಣ್ಣ ಆ ಹುಡುಗಿಯನ್ನು ಕರೆದುಕೊಂಡು ಬೆನ್ನಿನ ಮಣ್ಣು ಒರೆಸಲಿ, ಅವಳೂ ಹೆದರಿದ್ದಾಳೆ. ನೀವು ಕಂಡದ್ದನ್ನು ಕಂಡ ಹಾಗೆ ಹೇಳಿ: 'ಸೊಂಡಿಲು ನಿಲ್ಲಿಸೋಕೆ ಎಷ್ಟೊಂದು ಕಷ್ಟಪಟ್ಟಿದ್ದೆ. ಹಾಳಾಗೋಯ್ತು. ಸಿಟ್ಟು ಬಂದಿದೆ.' ಆಮೇಲೆ ಸುಮ್ಮನಿರಿ. ಅಳು ಒಮ್ಮೆ ಜೋರಾಗುತ್ತದೆ, ನಿಮ್ಮ ಮಾತಿನಿಂದ ಕೆಟ್ಟಿತೆಂದು ಗಾಬರಿಯಾಗಬೇಡಿ. ತನ್ನ ನೋವು ಇವರಿಗೆ ತಿಳಿಯಿತು ಅನ್ನಿಸಿದಾಗ ಮಗು ಹಾಗೆ ಒಮ್ಮೆ ಬಿಕ್ಕುತ್ತದೆ.

ಇನ್ನು ಕಾಯಬೇಕು. ಕಾಯುವಾಗ ಅವನ ಮೈ ನೋಡಿ. ಬಿಗಿದ ಮುಷ್ಟಿ ಸಡಿಲವಾಗುತ್ತದೆ, ಭುಜ ಇಳಿಯುತ್ತದೆ, ಮೂರು ತುಂಡಾಗಿ ಬರುತ್ತಿದ್ದ ಉಸಿರು ಒಂದಾಗುತ್ತದೆ, ಮೂಗು ಒರೆಸಿಕೊಂಡು ನಿಮ್ಮ ಕಡೆ ಒಮ್ಮೆ ನೋಡುತ್ತಾನೆ. ಬುದ್ಧಿಮಾತಿಗೆ ಬಾಗಿಲು ತೆರೆಯುವುದು ಆಗ. ಅದೂ ಒಂದೇ ವಾಕ್ಯ ಸಾಕು: 'ಸಿಟ್ಟು ಬರಬಹುದು, ಹೊಡೆಯೋದು ಮಾತ್ರ ಇಲ್ಲ.' ಒದ್ದ ಬಟ್ಟಲನ್ನು ಅವನೇ ಎತ್ತಿಡಲಿ, ಚೆಲ್ಲಿದ ನೀರನ್ನು ನಿಮ್ಮ ಜೊತೆ ಸೇರಿ ಒರೆಸಲಿ. ಆನೆಯನ್ನು ಸರಿಮಾಡುವುದೋ, ಉಂಡೆ ಕಟ್ಟಿ ಹೊಸದಾಗಿ ಶುರುಮಾಡುವುದೋ, ಇವತ್ತಿಗೆ ಸಾಕೋ ಎಂಬುದನ್ನು ಅವನೇ ತೀರ್ಮಾನಿಸಲಿ. 'ಸಾರಿ'ಗೆ ಅವಸರಿಸಬೇಡಿ. ಒತ್ತಾಯಕ್ಕೆ ಹೇಳಿದ ಸಾರಿಯಲ್ಲಿ ಮಗು ಕಲಿಯುವುದು ಬೇಗ ಬಿಡಿಸಿಕೊಳ್ಳುವ ಉಪಾಯವನ್ನು ಮಾತ್ರ. ಮಧ್ಯಾಹ್ನ ಅವನೇ ಆ ಹುಡುಗಿಗೆ ತನ್ನ ಮಣ್ಣಿನಲ್ಲಿ ಅರ್ಧ ಕೊಟ್ಟರೆ ಅದನ್ನು ನೀವು ಗಮನಿಸಿದ್ದೀರೆಂದು ಅವನಿಗೆ ತಿಳಿದರೆ ಸಾಕು.

ಇಷ್ಟಕ್ಕೆಲ್ಲ ವೇಳೆ ಎಲ್ಲಿದೆ ಎಂದು ಶಿಬಿರದವರು ಕೇಳುತ್ತಾರೆ. ವೇಳೆ ಮಾಡಿಕೊಳ್ಳಲೇಬೇಕು. ಆನೆ ಎಲ್ಲಿ ಬೇಕಾದರೂ ಮಾಡಬಹುದು. ಹತ್ತು ಮಕ್ಕಳ ಎದುರು ಹಾಳಾದದ್ದನ್ನು ಹತ್ತು ಮಕ್ಕಳ ಎದುರೇ ಸರಿಮಾಡಿಕೊಂಡು ಅವರ ನಡುವೆ ಮತ್ತೆ ಕೂರುವ ಅಭ್ಯಾಸ ಮನೆಯಲ್ಲಿ ಸಿಗುವುದಿಲ್ಲ, ನಲವತ್ತು ಮಕ್ಕಳ ತರಗತಿಯಲ್ಲಿ ಸಿಗುವುದು ಕಷ್ಟ. ಶಿಬಿರದಲ್ಲಿ ಸಿಗುತ್ತದೆ.

ಇನ್ನೊಂದು ವಿಷಯ, ತೀರಾ ಸಾಮಾನ್ಯ ಅನ್ನಿಸಿದರೂ ಹೇಳುತ್ತೇನೆ. ನಾವು ಹಠ ಎನ್ನುವುದರಲ್ಲಿ ದೊಡ್ಡ ಪಾಲು ಹಸಿವು, ಬಾಯಾರಿಕೆ, ನಿದ್ದೆ, ಸೆಕೆ. ಕಲಬುರಗಿ, ರಾಯಚೂರಿನ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಚಾವಣಿಯ ಕೆಳಗೆ ಮಧ್ಯಾಹ್ನದವರೆಗೆ ಕೂತ ಮಗುವಿಗೆ ಸಹನೆಯ ಪಾಠ ಹೇಳಬೇಡಿ, ಮಜ್ಜಿಗೆ ಕೊಡಿ, ನೆರಳಿಗೆ ಕರೆದೊಯ್ಯಿರಿ. ಪುಟಾಣಿ-ಬೆಲ್ಲ, ಬಾಳೆಹಣ್ಣು, ಪಾನಕ ಹೊತ್ತಿಗೆ ಸರಿಯಾಗಿ ಕೈಗೆ ಬರುವ ಶಿಬಿರದಲ್ಲಿ ಜಗಳಗಳು ಕಡಿಮೆ, ಇದನ್ನು ಯಾರು ಬೇಕಾದರೂ ನೋಡಬಹುದು. ಪಾಯಖಾನೆಯನ್ನು ಮೊದಲ ದಿನವೇ ನೀವೇ ಹೋಗಿ ನೋಡಿ. ಚಿಲಕ ಬೀಳದ ಬಾಗಿಲಿದ್ದರೆ ಹೆಣ್ಣುಮಕ್ಕಳು ಒಳಗೆ ಹೋಗದೆ ತಡೆದುಕೊಂಡಿರುತ್ತಾರೆ. ಹಾಗೆ ತಡೆದುಕೊಂಡ ಮಗು ಸಣ್ಣದಕ್ಕೂ ಸಿಡಿಮಿಡಿಗೊಳ್ಳುತ್ತದೆ, ಕಾರಣ ಹೇಳಲು ನಾಚಿಕೊಳ್ಳುತ್ತದೆ.

ಈಗ ಮಾತು ಉಳಿಸಿಕೊಳ್ಳುವ ಬಗ್ಗೆ. ಮಕ್ಕಳ ಸಂಯಮದ ಮಾತು ಬಂದಾಗಲೆಲ್ಲ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ನಡೆಸಿದ ಪ್ರಯೋಗದ ಕಥೆ ಹೇಳುತ್ತಾರೆ. ಎದುರಿಗೆ ಒಂದು ಸಿಹಿ ಇಟ್ಟು, 'ನಾನು ಬರುವವರೆಗೆ ತಿನ್ನದೆ ಕಾದರೆ ಎರಡು ಸಿಗುತ್ತದೆ' ಎಂದು ಹೇಳಿ ಹೋಗುವುದು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮೇಲಾದರು ಎಂಬ ಮಾತು ಊರೆಲ್ಲ ಹಬ್ಬಿತು. 2018ರಲ್ಲಿ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ನಂಟು ಬಹಳ ತೆಳುವಾಯಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 2013ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಜೊತೆಯವರು ಪ್ರಕಟಿಸಿದ ಇನ್ನೊಂದು ಪ್ರಯೋಗ. ಮೂರರಿಂದ ಐದು ವರ್ಷದ 28 ಮಕ್ಕಳು. ಸಿಹಿ ಇಡುವ ಮೊದಲು ಅವರಿಗೆ ಬಣ್ಣ ಹಚ್ಚಲು ಕೊಟ್ಟು, 'ಇನ್ನೂ ಒಳ್ಳೆಯ ಬಣ್ಣ ತರುತ್ತೇನೆ, ಇರಿ' ಎಂದು ಹೇಳಿದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದರ್ಧಕ್ಕೆ 'ಇಲ್ಲವಂತೆ' ಎಂದು ಬರಿಗೈಯಲ್ಲಿ ಬಂದರು. ಚಿತ್ರದ ಚೀಟಿ ಅಂಟಿಸುವಾಗಲೂ ಹಾಗೆಯೇ. ಆಮೇಲೆ ಸಿಹಿ ಇಟ್ಟಾಗ, ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು, ಕೈಕೊಟ್ಟವರನ್ನು ಕಂಡವರು 3 ನಿಮಿಷ.

ಶಿಬಿರದ ಅಕ್ಕ ದಿನಕ್ಕೆ ಎಷ್ಟು ಸಲ 'ಆಮೇಲೆ' ಅನ್ನುತ್ತಾಳೆ ನೋಡಿ. ಆಮೇಲೆ ಕಥೆ ಹೇಳ್ತೀನಿ, ಆಮೇಲೆ ನಿನಗೆ ತಮಟೆ ಕೊಡ್ತೀನಿ, ನಾಳೆ ನಿನ್ನ ಸರದಿ. ಆ ಆಮೇಲೆ ಬರದೇ ಹೋದರೆ, ಮರುದಿನ ತಮಟೆಗಾಗಿ ಕಿತ್ತಾಡುವ ಮಗುವಿಗೆ ಸಹನೆಯಿಲ್ಲ ಎಂದು ಹೇಗೆ ಹೇಳುವುದು? ಅದು ಸರಿಯಾಗಿಯೇ ಲೆಕ್ಕ ಹಾಕಿದೆ. ಹಾಗಾಗಿ ಕೊಡಲಾಗದ್ದನ್ನು ಹೇಳಬೇಡಿ, ಹೇಳಿದ್ದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಸರದಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಓದಲು ಬಾರದ ಮಕ್ಕಳಿಗೆ ಹೆಸರಿನ ಬದಲು ಅವರೇ ಆರಿಸಿಕೊಂಡ ಹೂವಿನದೋ ಹಕ್ಕಿಯದೋ ಚಿತ್ರ ಇರಲಿ. ತನ್ನ ಗುಬ್ಬಚ್ಚಿ ಮೂರನೆಯ ಜಾಗದಲ್ಲಿದೆ ಎಂದು ಕಣ್ಣಾರೆ ಕಂಡ ಮಗು ಎರಡು ಸರದಿ ಕಾಯುತ್ತದೆ.

ಮೊದಲ ದಿನದ ಅಳುವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬಿಟ್ಟು ಹೋಗಲು ಬಂದ ತಾಯಂದಿರಿಗೆ ಕಣ್ತಪ್ಪಿಸಿ ಹೋಗಬೇಡಿ ಎಂದು ಕೈಮುಗಿದು ಹೇಳಿ. ಆಟಿಕೆ ತೋರಿಸಿ, ಮಗು ಆ ಕಡೆ ತಿರುಗಿದಾಗ ಮಾಯವಾಗುವುದು ನಮ್ಮಲ್ಲಿ ವಾಡಿಕೆ. ಆ ಹೊತ್ತಿಗೆ ಅಳು ತಪ್ಪಿತು ಅನ್ನಿಸುತ್ತದೆ. ಆದರೆ ತಿರುಗಿ ನೋಡಿದರೆ ಅಮ್ಮ ಇಲ್ಲ ಎಂಬುದನ್ನು ಕಲಿತ ಮಗು ಮರುದಿನ ಸೆರಗು ಬಿಡುವುದಿಲ್ಲ, ಯಾವ ಆಟಕ್ಕೂ ಬೆನ್ನು ತಿರುಗಿಸುವುದಿಲ್ಲ. 'ಊಟ ಆಗಿ ಕಥೆ ಮುಗಿದ ಮೇಲೆ ಬರ್ತೀನಿ' ಎಂದು ಹೇಳಿ, ಅತ್ತರೂ ಅಳಲಿ, ಟಾಟಾ ಮಾಡಿ ಹೋಗಲಿ. ಹೇಳಿದ ಹೊತ್ತಿಗೆ ಬರಲಿ. ಅಮ್ಮನ ಕರ್ಚೀಫು ಜೇಬಿನಲ್ಲಿಟ್ಟುಕೊಳ್ಳುತ್ತೇನೆ ಎಂದರೆ ಇಟ್ಟುಕೊಳ್ಳಲಿ ಬಿಡಿ.

ತಡೆದು ನಿಲ್ಲುವ ಅಭ್ಯಾಸ ಬರುವುದು ಆಟದಲ್ಲಿ. ಹೊಸ ಆಟಗಳನ್ನು ಹುಡುಕಿ ಹೊರಗೆಲ್ಲೂ ಹೋಗಬೇಕಿಲ್ಲ. ಕೆರೆ-ದಡ ಆಡಿಸಿ ನೋಡಿ. ಸುಣ್ಣದಲ್ಲಿ ಒಂದು ಗೆರೆ, ಈಚೆ ದಡ, ಆಚೆ ಕೆರೆ. 'ಕೆರೆ' ಅಂದರೆ ಹಾರಬೇಕು, 'ದಡ' ಅಂದರೆ ವಾಪಸ್ಸು. ಕೆರೆ, ದಡ, ಕೆರೆ, ದಡ ಎಂದು ಬೇಗ ಬೇಗ ಹೇಳುತ್ತಾ ಬಂದು ಥಟ್ಟನೆ ಕೆರೆಯಲ್ಲಿರುವವರಿಗೇ ಇನ್ನೊಮ್ಮೆ 'ಕೆರೆ' ಅನ್ನಿ. ಹಾರಲು ಎತ್ತಿದ ಕಾಲನ್ನು ಮಗು ಗಾಳಿಯಲ್ಲೇ ಹಿಡಿದುಕೊಳ್ಳುವುದನ್ನು ನೋಡಬೇಕು. ಬೆರಳುಗಳು ನೆಲ ಕಚ್ಚಿ ಹಿಡಿಯುತ್ತವೆ, ಕೈ ರೆಕ್ಕೆಯಾಗುತ್ತದೆ, ನಾಲಿಗೆ ಹಲ್ಲಿನ ನಡುವೆ ಬರುತ್ತದೆ. ಸಿಟ್ಟಿನಲ್ಲಿ ಎತ್ತಿದ ಕೈಯನ್ನು ತಡೆಯಲು ಬೇಕಾದ ಶಕ್ತಿ ಇದೇ. ಎರಡನೇ ವಾರದಲ್ಲಿ ನಿಯಮ ತಿರುಗಿಸಿ, ಕೆರೆ ಅಂದರೆ ದಡಕ್ಕೆ, ದಡ ಅಂದರೆ ಕೆರೆಗೆ. ಆರು-ಏಳು ವರ್ಷದವರಿಗೆ ಇದು ಬಲು ಇಷ್ಟ. ಒಂದು ಕಿವಿಮಾತು ಮಾತ್ರ, ತಪ್ಪಿದವರನ್ನು 'ಔಟ್' ಎಂದು ಹೊರಗೆ ಕೂರಿಸಬೇಡಿ. ಅಭ್ಯಾಸ ಯಾರಿಗೆ ಬೇಕಿತ್ತೋ ಅವರೇ ಎಲ್ಲರಿಗಿಂತ ಮೊದಲು ಹೊರಗಾಗುತ್ತಾರೆ. ತಪ್ಪಿದವರು ಒಂದು ಸುತ್ತು ಕುಪ್ಪಳಿಸಿ ಮತ್ತೆ ಸೇರಲಿ.

ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೊಟ್‌ಸ್ಕಿ ಆಟದ ಬಗ್ಗೆ 1933ರಲ್ಲಿ ಕೊಟ್ಟ ಉಪನ್ಯಾಸವೊಂದಿದೆ. ಓಡುವ ಪಂದ್ಯದಲ್ಲಿ ಮಗುವಿಗೆ ಆ ಕ್ಷಣವೇ ಓಡಿಬಿಡುವ ಆಸೆ, ಆದರೂ ನಿಯಮ ಹೇಳಿದ್ದಕ್ಕೆ ನಿಂತುಕೊಳ್ಳುತ್ತದೆ, ಮಗುವಿನ ಅತಿ ಹೆಚ್ಚಿನ ಸಂಯಮ ಕಾಣುವುದು ಆಟದಲ್ಲೇ ಎಂಬುದು ಅದರ ಸಾರ. ಖೋ-ಖೋದಲ್ಲಿ ಬೆನ್ನ ಹಿಂದೆಯೇ ಓಟಗಾರ ಸುಳಿದಾಡುತ್ತಿದ್ದರೂ, 'ಖೋ' ಎಂಬ ದನಿ ಬೀಳುವವರೆಗೆ ಕುಕ್ಕುರುಗಾಲಿನಲ್ಲಿ ಕೂತೇ ಇರುವ ಮಗುವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಅಲುಗಾಡದೆ ಕೂರು' ಎಂದರೆ ಅರೆನಿಮಿಷ ಕೂರದ ಮಗು, 'ನೀನು ಕೋಟೆಯ ಕಾವಲುಗಾರ' ಎಂದರೆ ಎಷ್ಟೋ ಹೊತ್ತು ನಿಲ್ಲುತ್ತದೆ. ವೈಗೊಟ್‌ಸ್ಕಿಯ ಪರಂಪರೆಯ ಸಂಶೋಧಕರು ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ.

ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ. ಕರಾವಳಿಯ ಶಿಬಿರಗಳಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಾರಲ್ಲ, ಅಲ್ಲಿ ರಾಕ್ಷಸನ ಪಾತ್ರಕ್ಕೆ ಮುಗಿಬೀಳುವವರು ನೂಕುವ, ತಳ್ಳುವ ಹುಡುಗರೇ. ಕೊಡಿ ಅವರಿಗೆ ಆ ಪಾತ್ರ. ಚೆಂಡೆಯ ಪೆಟ್ಟು ಬೀಳುವವರೆಗೆ ಅವನು ಅಬ್ಬರಿಸುವ ಹಾಗಿಲ್ಲ. ಅಬ್ಬರಿಸಿದ ಮೇಲೆ ಭಾಗವತರ ಪದ ಶುರುವಾದ ಕೂಡಲೇ ನಿಲ್ಲಿಸಬೇಕು. ಗದೆ ಬೀಸಬಹುದು, ಎದುರಿನವನಿಗೆ ತಾಗಕೂಡದು. ಶಾಲೆಯಲ್ಲಿ ದಿನವೂ ಬೈಸಿಕೊಳ್ಳುವ ಅದೇ ಆರ್ಭಟಕ್ಕೆ ಇಲ್ಲಿ ಜಾಗವಿದೆ, ಲೆಕ್ಕವಿದೆ, ಚಪ್ಪಾಳೆಯಿದೆ. ತನ್ನೊಳಗಿನ ರೌದ್ರವನ್ನು ಬೇಕೆಂದಾಗ ಎಬ್ಬಿಸಿ ಬೇಕೆಂದಾಗ ಕೂರಿಸಬಹುದು ಎಂದು ಆ ಹುಡುಗನಿಗೆ ಮೈಯಲ್ಲೇ ತಿಳಿಯುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಉಸಿರಾಟದ ಅಭ್ಯಾಸವನ್ನೂ ಆಟದಲ್ಲೇ ಸೇರಿಸಿ. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಟ್ಟಾಗ ಎದೆಬಡಿತ ತಗ್ಗುತ್ತದೆ. ಕಣ್ಣುಮುಚ್ಚಿ ಕೂರು ಎಂದರೆ ಐದು ವರ್ಷದವರು ಕಿಸಕ್ಕನೆ ನಗುತ್ತಾರೆ. ತೆಂಗಿನಗರಿಯ ಗಿರಗಿಟ್ಲೆ ಮಾಡಿಕೊಟ್ಟು, ನಿಲ್ಲದ ಹಾಗೆ ಮೆಲ್ಲಗೆ ಊದು ಎನ್ನಿ, ಸೋಪಿನ ಗುಳ್ಳೆ ಒಡೆಯದ ಹಾಗೆ ಊದಿಸಿ, ದುಂಬಿಯ ಹಾಗೆ ಗುಂಯ್‌ಗುಟ್ಟಿಸಿ. ನಗುನಗುತ್ತಾ ಇರುವ ಹೊತ್ತಿನಲ್ಲಿ ದಿನವೂ ಮಾಡಿಸಿದ್ದರೆ ಮಾತ್ರ ಅಳುವ ಹೊತ್ತಿನಲ್ಲಿ ಅದು ನೆನಪಿಗೆ ಬರುತ್ತದೆ. ಹಾಲ್‌ನ ಒಂದು ಮೂಲೆಯಲ್ಲಿ ಚಾಪೆ, ದಿಂಬು, ಎರಡು ಚಿತ್ರಪುಸ್ತಕ ಇಟ್ಟು, ಸಾಕೆನಿಸಿದವರು ಯಾರು ಬೇಕಾದರೂ ಅಲ್ಲಿ ಕೂರಬಹುದು ಎಂದು ಹೇಳಿಡಿ. ಶಿಕ್ಷೆಗೆಂದು ಯಾರನ್ನೂ ಅಲ್ಲಿಗೆ ಕಳಿಸಬೇಡಿ, ಒಮ್ಮೆ ಕಳಿಸಿದರೆ ಆ ಮೂಲೆ ಕೆಟ್ಟಿತು.

ಕೆಲವು ಮಾತುಗಳನ್ನು ನಾನು ಕಟುವಾಗಿಯೇ ಹೇಳುತ್ತೇನೆ. ಅಳುವ ಮಗುವಿನ ಫೋಟೊ, ವಿಡಿಯೊ ತೆಗೆಯಬೇಡಿ, ಗ್ರೂಪಿಗೆ ಹಾಕಬೇಡಿ. ಅದರ ದುಃಖ ನಿಮ್ಮ ಮನರಂಜನೆಗಿಲ್ಲ. 'ಗಂಡು ಹುಡುಗ ಆಗಿ ಅಳ್ತೀಯಾ' ಎಂಬ ಮಾತು ನಿಮ್ಮ ಬಾಯಲ್ಲಿ ಬರಬಾರದು. ಅಳುವ ದಾರಿ ಮುಚ್ಚಿದರೆ ಆ ಹುಡುಗನಿಗೆ ಉಳಿಯುವುದು ಹೊಡೆಯುವ ದಾರಿ. ಸದ್ದಿಲ್ಲದೆ ಕೂತ ಮಗುವನ್ನು ಸಂಯಮದ ಮಗು ಎಂದು ಹೊಗಳುವ ಮೊದಲು ಒಮ್ಮೆ ಹತ್ತಿರ ಕೂತು ನೋಡಿ. ಹೆದರಿ ಹೆಪ್ಪುಗಟ್ಟಿದ ಮಗುವೂ ಹೊರಗಿನಿಂದ ಹಾಗೆಯೇ ಕಾಣುತ್ತದೆ. ಮೈಕಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುವ ಮಗುವನ್ನು ಎಳೆತಂದು ಕೂರಿಸುವ ಬದಲು ಮೈಕು ಆರಿಸಿ, ಸಂಜೆ ಮನೆಯವರನ್ನು ಕೇಳಿ. ಆಟಿಸಂ ಇರುವ ಮಕ್ಕಳಲ್ಲಿ ಹಲವರಿಗೆ ಸದ್ದು ನಿಜಕ್ಕೂ ನೋವು ಕೊಡುತ್ತದೆ. ಮನೆಯವರಿಗೆ ಉಪಾಯ ಗೊತ್ತಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಸಮಾಧಾನದ ಪಾಠ ಎಂದೂ ಸಹಿಸಿಕೊಳ್ಳುವ ಪಾಠ ಆಗಬಾರದು. 'ಆ ಮಾಮ ಮುಟ್ಟೋದು ನಂಗೆ ಇಷ್ಟ ಇಲ್ಲ' ಎಂದು ಮಗು ಹೇಳಿದರೆ ಅದನ್ನು ಸುಮ್ಮನಾಗಿಸಬೇಡಿ, ಕೇಳಿ, ನಂಬಿ. ಅಂಥ ಅನುಮಾನ ಬಂದಾಗ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯಿದೆಯ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098ನ್ನು ಶಿಬಿರದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಸಿಟ್ಟೋ ದುಃಖವೋ ವಾರಗಟ್ಟಲೆ ಇಳಿಯದೆ, ಮಗು ಊಟ-ನಿದ್ದೆ ಬಿಟ್ಟಿದ್ದರೆ ಹೆತ್ತವರಿಗೆ ಟೆಲಿ-ಮಾನಸ್‌ನ 14416 ಸಂಖ್ಯೆ ಕೊಡಿ. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ವಿಷಯಕ್ಕೆ ಬಂದರೆ, ಒಂದು ಗುಂಪಿಗೆ ಇಬ್ಬರಿಗಿಂತ ಕಡಿಮೆ ದೊಡ್ಡವರಿರುವ ಶಿಬಿರವನ್ನು ಒಪ್ಪಿಕೊಳ್ಳಬೇಡಿ. ಮಣ್ಣಿನ ಆನೆಯ ಹುಡುಗನ ಪಕ್ಕ ಒಬ್ಬರು ಕೂರಬೇಕಾದರೆ ಉಳಿದ ಮಕ್ಕಳ ಮೇಲೆ ಇನ್ನೊಬ್ಬರ ಕಣ್ಣಿರಬೇಕು. ನಿಮಗೇ ರೇಗಿದಾಗ ಮಕ್ಕಳೆದುರು ಹೇಳಿ: 'ಅಕ್ಕನಿಗೆ ಈಗ ಸಿಟ್ಟು ಬರ್ತಿದೆ, ಒಂದು ಲೋಟ ನೀರು ಕುಡಿದು ಬರ್ತೀನಿ.' ಹೋಗಿ ಕುಡಿದು ಬನ್ನಿ. ಇಪ್ಪತ್ತು ಜೊತೆ ಕಣ್ಣುಗಳು ಅದನ್ನು ನೋಡುತ್ತಿರುತ್ತವೆ, ಮರುವಾರ ಯಾವುದೋ ಪುಟ್ಟಿ ಅದೇ ಮಾತು ಹೇಳಿ ನೀರಿನ ಕೊಡದ ಕಡೆ ನಡೆಯುತ್ತಾಳೆ.

ಕೊನೆಯ ದಿನ ಹೆತ್ತವರು ಬಂದು, 'ನಮ್ಮವನ ಹಠ ಕಡಿಮೆಯಾಯ್ತಾ?' ಎಂದು ಕೇಳುತ್ತಾರೆ. ಆಯ್ತು, ಇಲ್ಲ ಎಂದು ತೀರ್ಪು ಕೊಡಲು ಹೋಗಬೇಡಿ, ಎರಡು-ಮೂರು ವಾರದಲ್ಲಿ ಅಂಥ ತೀರ್ಪಿಗೆ ಆಧಾರ ಸಿಗುವುದಿಲ್ಲ. ಆ ಮಗುವಿನಲ್ಲಿ ನೀವು ಕಣ್ಣಾರೆ ಕಂಡ ಒಂದೇ ಒಂದು ಸಂಗತಿ ಹೇಳಿ, ಮಗುವಿಗೂ ಕೇಳುವ ಹಾಗೆ: ಬುಧವಾರ ಲಗೋರಿಯಲ್ಲಿ ಸೋತಾಗ ಚೆಂಡು ಎಸೆಯಲು ಕೈ ಎತ್ತಿದ, ಆಮೇಲೆ ಇಳಿಸಿದ. ಅದಕ್ಕೆ ಏನು ನೆರವಾಯಿತು ಎಂದೂ ಹೇಳಿ, ಪಕ್ಕದಲ್ಲಿ ಸುಮ್ಮನೆ ಕೂತದ್ದೋ, ಗಿರಗಿಟ್ಲೆಯೋ, ಒಂದು ಲೋಟ ಮಜ್ಜಿಗೆಯೋ. ಮನೆಯಲ್ಲಿ ಮುಂದುವರಿಸಲು ಅವರಿಗೆ ಬೇಕಾದದ್ದು ಆ ಮಾಹಿತಿ. ಅಜ್ಜಿ-ತಾತ ಜೊತೆಗೆ ಬಂದಿದ್ದರೆ ಅವರನ್ನೂ ಕರೆದು ಹೇಳಿ, ಹಗಲೆಲ್ಲ ಮಗುವಿನ ಪಕ್ಕ ಇರುವವರು ಹೆಚ್ಚಾಗಿ ಅವರೇ.